ಹಂಡೆಯ ನೀರು

ಮೂರನೇ ಸಲವೂ
ಡೊಂಕು ಬೆನ್ನಿನವೇ ಹೊರಬಂದವು.
ಹಂಚಿನ ತುಂಡಿಗೆ ಏಂಜೆಲ್ ಮೀನು ಅಂಟಿಸಿದ ಇನ್ನೂರೈವತ್ತರಲ್ಲಿ
ಅರ್ಧ ಮೊದಲ ರಾತ್ರಿಯೇ ಬೆಳ್ಳಗಾದವು,
ಉಳಿದವು ಬಾಲವನ್ನು ಕೊಕ್ಕೆ ಮಾಡಿಕೊಂಡು
ಇದ್ದಲ್ಲೇ ಸುತ್ತಿದವು,
ಒಂದೇ ಕಡೆಗೆ.

ಪೆರ್ಲದಿಂದ ಮೇಲೆ, ಗುಡ್ಡದ ಈ ಮಗ್ಗುಲಲ್ಲಿ
ಡೊಂಕು ಎಂಬ ಮಾತನ್ನು ಯಾರೂ ಗಟ್ಟಿಯಾಗಿ ಆಡುವುದಿಲ್ಲ.
ಅತ್ತೆ ಭೂತಗನ್ನಡಿ ಕೇಳಿದಳು. ಕೊಡಲಿಲ್ಲ.
ಸತ್ತಿವೆ, ಅಷ್ಟೆ, ಎಂದೆ.

ಅವಳ ಕಿವಿಯಲ್ಲಿ ಇನ್ನೂ ಹೆಲಿಕಾಪ್ಟರು ಹಾರುತ್ತದೆ,
ಗೇರು ತೋಟದ ಮೇಲೆ ಮಂಜಿನಂಥ ಮದ್ದು.
ಬಾವಿ ಮುಚ್ಚಿ ಎಂದು ಯಾರೋ ಕೂಗಿ ಹೋದರಂತೆ.
ಇವಳು ತೆಂಗಿನ ಮಡಲು ಹಾಸಿ, ಮೇಲೆ ಹಳೆ ಸೀರೆ ಹರಡಿ
ನಾಲ್ಕು ಮೂಲೆಗೆ ಮುರಕಲ್ಲು ಇಟ್ಟಳಂತೆ.
ಆಗ ಐತಪ್ಪ ಹೊಟ್ಟೆಯಲ್ಲಿ, ಐದು ತಿಂಗಳು.

ನಾನು ಮದುವೆಯಾಗಿ ಬಂದಾಗ ಅವನಿಗೆ ಹತ್ತೊಂಬತ್ತು.
ಚಾಪೆಯ ಮೇಲಿಂದ ನನ್ನ ಬಳೆ ನೋಡಿ ನಗುತ್ತಿದ್ದ.
ಮಾತಿಲ್ಲ.
ಇನ್ನೆರಡು ಮಳೆಗಾಲ ಇದ್ದ.

ಹಂಡೆ ಬಂದದ್ದು ಅವನು ಹುಟ್ಟಿದ ವರ್ಷ.
ನೆಲದ ನೀರನ್ನು ನಂಬದವಳು
ಕೂಲಿಗೆ ಗೇರುಬೀಜ ಹೆಕ್ಕಿದ ದುಡ್ಡಲ್ಲಿ ತಾಮ್ರ ಕೊಂಡಳು.
ತಾಮ್ರ ವಿಷವನ್ನು ಕುಡಿದುಬಿಡುತ್ತದೆ, ಅದು ಅವಳ ಲೆಕ್ಕ.
ದಿನಾ ಸಂಜೆ ಹುಣಿಸೆಹುಳಿ, ಬೂದಿ,
ಮೊಣಕೈವರೆಗೆ ಕೆಂಪು ಹೊಳಪು.
ರಾತ್ರಿಯಿಡೀ ಕೂರಿಸಿದ ನೀರು ಬೆಳಗ್ಗೆ
ಮೊದಲು ನನಗೊಂದು ಲೋಟ, ಆಮೇಲೆ ಬೆಕ್ಕಿಗೆ,
ಆಮೇಲೆ ತಾನೇ ಹೊತ್ತು ತಂದು ಮೊಟ್ಟೆಯ ತೊಟ್ಟಿಗೆ.
"ಬಸುರಿಯರಿಗೆ ಒಳ್ಳೇ ನೀರು ಕೊಡಬೇಕು ಮಾರಾಯ್ತಿ,
ಮೀನಾದರೇನು."

ಎರಡು ಬಾಟಲಿ ತುಂಬಿಸಿ ಕಾಸರಗೋಡಿಗೆ ಹೋದೆ,
ಒಂದರಲ್ಲಿ ಬಾವಿ, ಒಂದರಲ್ಲಿ ತೊಟ್ಟಿ.
ಬದಿಯಡ್ಕದ ತಿರುವುಗಳಲ್ಲಿ ಎರಡನ್ನೂ
ಮಡಿಲಲ್ಲಿ ಒತ್ತಿ ಹಿಡಿದು ಕೂತೆ.
ವರದಿ ಮಲಯಾಳದಲ್ಲಿ ಬಂತು. ಅಂಕೆಗಳು ಮಾತ್ರ ನನ್ನವು.
ಕುಂಞಂಬು ಸರ್ ಸಾಲಿನ ಮೇಲೆ ಬೆರಳಿಟ್ಟು ಹೇಳಿದರು:
ನೀವು ಹೆದರಿದ್ದು ಇದರಲ್ಲಿ ಇಲ್ಲ.
ಬಾವಿ ಚೊಕ್ಕ, ಬಹಳ ಮೆದು ನೀರು.
ತೊಟ್ಟಿಯದರಲ್ಲಿ ತಾಮ್ರ ಉಂಟು, ಒಂಚೂರು.
ಕೆಳಗೆ ಮೊಹರು: ಮನುಷ್ಯರು ಕುಡಿಯಬಹುದು.

ಮೊಟ್ಟೆ ಮನುಷ್ಯರಲ್ಲವಲ್ಲ, ಅಂದರು ಸರ್,
ಕನ್ನಡಕ ತೆಗೆದು ಕಣ್ಣು ಉಜ್ಜಿಕೊಳ್ಳುತ್ತ.
ಅದಕ್ಕೂ ಒಂಚೂರು ಬೇಕು, ರಕ್ತಕ್ಕೆ, ಎಲುಬಿಗೆ.
ಒಂಚೂರಿನ ಮೇಲೆ ಇನ್ನೊಂಚೂರು ಬಿದ್ದರೆ
ಕಟ್ಟಿದ ಕೈಯೇ ಬಗ್ಗಿಸುತ್ತದೆ.
ನೀರಲ್ಲಿ ಸುಣ್ಣದಂಶ ಇದ್ದಿದ್ದರೆ
ಸ್ವಲ್ಪ ತಡೆದುಕೊಳ್ಳುತ್ತಿತ್ತು.

ಕಾಗದವನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗಿಟ್ಟೆ.
ಬಾವಿಯಲ್ಲಿ ಏನೂ ಇಲ್ಲ ಅತ್ತೆ,
ಇದ್ದದ್ದು ನಿನ್ನ ಹಂಡೆಯಲ್ಲಿ.
ದಾರಿಯುದ್ದಕ್ಕೂ ಈ ಮಾತು ಬಾಯಿಯಲ್ಲಿ
ಹಳೆಯ ನಾಣ್ಯದ ಹಾಗೆ ಒಗರೊಗರು.
ಮನೆ ಮುಟ್ಟುವಾಗ ನುಂಗಿದ್ದೆ.

ಹಂಡೆ ಭಾರ, ಸೊಂಟಕ್ಕೆ ಆಗದು ಎಂದು
ನೀಲಿ ಡ್ರಮ್ಮು ತಂದೆ.
ಸಾರಿಗೆ ತಂದ ಮರುವಾಯಿಯ ಚಿಪ್ಪು ತೊಳೆದು
ಬಟ್ಟೆಯಲ್ಲಿ ಕಟ್ಟಿ ತೊಟ್ಟಿಗೆ ಇಳಿಬಿಟ್ಟೆ.
ಅವಳು ಏನೂ ಕೇಳಲಿಲ್ಲ.
ಆ ಸಂಜೆ ಹುಣಿಸೆಹುಳಿ ನೆನೆಹಾಕಲಿಲ್ಲ.
ಹಂಡೆಯನ್ನು ಬಾವಿಕಟ್ಟೆಯ ಬದಿಗೆ ಉರುಳಿಸಿಕೊಂಡು ಹೋಗಿ
ಬೋರಲು ಹಾಕಿ ಬಂದಳು.

ನಾಲ್ಕನೇ ಸಲ, ಎರಡನೇ ರಾತ್ರಿ, ಟಾರ್ಚು ಹಿಡಿದರೆ
ಜೇನು ಬಣ್ಣದ ಹನಿಯೊಳಗೆ
ಸಾಸಿವೆಗಿಂತ ಸಣ್ಣದೊಂದು ಮಿಡಿತ.
ಹಿಂದೆ ಬಂದು ನಿಂತವಳು ಕೈ ಚಾಚಿದಳು.
ಕನ್ನಡಿ ಕೊಟ್ಟೆ.

ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು,
ಉಸಿರು ತಾಗಿ ಗಾಜು ಮಂಜಾಗುವಷ್ಟು ಹತ್ತಿರ.
"ಒಳಗೆ ಇರುವಾಗಲೇ ಕಾಣುತ್ತದಲ್ಲ," ಅಂದಳು.
"ನಮಗೆ ಆಗ ಕಾಣುತ್ತಿರಲಿಲ್ಲ."
ಸೆರಗಿನಿಂದ ಗಾಜು ಒರೆಸಿ ಮತ್ತೆ ಬಗ್ಗಿದಳು.
"ನನಗೆ ಕಣ್ಣು ಮಂಜು. ನೀನು ನೋಡಿ ಹೇಳು,
ಬೆನ್ನು ನೆಟ್ಟಗಿದೆಯಾ?"